ಅಮ್ಮನ ವಾಚಿನ ಮುಖ

ನಮ್ಮ ಕಡೆ ಕೆಲಸ ಬಲ್ಲವರಿಗೆ ಕೆಲಸ ಹೇಳಿಕೊಡುವುದು ಮರ್ಯಾದೆಯಲ್ಲ. ಬಡಗಿಯ ಹತ್ತಿರ ಹೋದರೂ, ಟೈಲರ್ ಹತ್ತಿರ ಹೋದರೂ, ಮದುವೆಗೆ ಅಡುಗೆಯವರನ್ನು ಗೊತ್ತು ಮಾಡಿದರೂ ಕೊನೆಗೆ ಹೇಳುವುದು ಒಂದೇ ಮಾತು: "ನಿಮಗೆ ಗೊತ್ತುಂಟಲ್ಲ, ಚಂದ ಮಾಡಿ ಕೊಡಿ." ಅದಕ್ಕಿಂತ ಹೆಚ್ಚು ಹೇಳಿದರೆ ಅವರ ಕೈಯ ಮೇಲೆ ನಮಗೆ ನಂಬಿಕೆ ಇಲ್ಲ ಎಂದು ಅರ್ಥ. ಮನೆಯಲ್ಲಿ ನಾನು ಹಾಗಲ್ಲ. ಗಂಡ ಒಂದು ಚಟ್ನಿ ಅರೆಯಲು ನಿಂತರೂ ಪಕ್ಕದಲ್ಲಿ ನಿಂತು ಉಪ್ಪಿನ ಲೆಕ್ಕ ಹೇಳುವವಳು. ಹೊರಗೆ ಮಾತ್ರ ಈ ಮರ್ಯಾದೆಯನ್ನು ತಪ್ಪಿಸಿದವಳಲ್ಲ. ಅಮ್ಮನ ವಾಚನ್ನು ರಿಪೇರಿಗೆ ಕೊಟ್ಟಾಗಲೂ ಅದನ್ನೇ ಹೇಳಿ ಬಂದೆ. ಆ ಒಂದು ಮಾತಿನಿಂದ ವಾಚಿನ ಮುಖವೇ ಅಳಿಸಿಹೋಗುವುದರಲ್ಲಿತ್ತು.

ಅಮ್ಮ ಕಡಬ, ಸುಳ್ಯದ ಕಡೆಯ ಹಳ್ಳಿಗಳಲ್ಲಿ ಸರಕಾರಿ ನರ್ಸಾಗಿ ಇದ್ದವಳು. ಬಸ್ಸು ಹೋಗುವಲ್ಲಿಗೆ ಬಸ್ಸಿನಲ್ಲಿ, ಜೀಪು ಹೋಗುವಲ್ಲಿಗೆ ಜೀಪಿನಲ್ಲಿ, ಉಳಿದದ್ದಕ್ಕೆ ನಡೆದು ಹೋಗಿ ಹೆರಿಗೆ ಮಾಡಿಸಿದವಳು. ಕೆಲಸ ಸಿಕ್ಕಿದ ಹೊಸತರಲ್ಲಿ ಒಂದು ಕೀ ಕೊಡುವ ವಾಚು ತಗೊಂಡಿದ್ದಳಂತೆ. ಹೆಂಗಸರ ವಾಚುಗಳಿಗೆ ಆಗ ಸೆಕೆಂಡಿನ ಮುಳ್ಳು ಇರುತ್ತಿರಲಿಲ್ಲ, ಇದ್ದರೂ ಕಾಣುತ್ತಿರಲಿಲ್ಲ. ನಾಡಿ ನೋಡುವವಳಿಗೆ ಅದಿಲ್ಲದೆ ಆಗುವುದಿಲ್ಲ. ಹಾಗಾಗಿ ಗಂಡಸರ ವಾಚನ್ನೇ ಕಟ್ಟಿಕೊಂಡಳು. ಬಿಳಿ ಡಯಲ್, ದಪ್ಪ ಕಪ್ಪು ಅಂಕೆಗಳು, ಉದ್ದದ ಕೆಂಪು ಸೆಕೆಂಡು ಮುಳ್ಳು. "ಯಜಮಾನರ ವಾಚಾ?" ಎಂದು ಕೇಳಿದವರಿಗೆಲ್ಲ "ಅವರಿಗೆ ಬೇಕಾದಾಗ ನನ್ನ ಹತ್ರ ಕೇಳ್ತಾರೆ" ಎಂದು ಉತ್ತರ ಕೊಡುತ್ತಿದ್ದಳು. ಅಪ್ಪ ನಿಜಕ್ಕೂ ಕೇಳಿಯೇ ಕಟ್ಟಿಕೊಳ್ಳುತ್ತಿದ್ದರು, ಅದೂ ವರ್ಷಕ್ಕೆ ಒಂದೋ ಎರಡೋ ಮದುವೆಗೆ.

ಈಗ ಅಮ್ಮ ಪುತ್ತೂರಿನಲ್ಲಿ ನಮ್ಮ ಜೊತೆ ಇದ್ದಾಳೆ. ಹೃದಯಕ್ಕೆ ದಿನಕ್ಕೊಂದು ಮಾತ್ರೆ ಉಂಟು. ಅದನ್ನು ನುಂಗುವ ಮೊದಲು ಪೂರ್ತಿ ಒಂದು ನಿಮಿಷ ನಾಡಿ ಎಣಿಸಬೇಕು, ಅರವತ್ತಕ್ಕಿಂತ ಕೆಳಗೆ ಇದ್ದರೆ ಆ ದಿನ ಮಾತ್ರೆ ಬೇಡ, ಫೋನು ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಅವರು ಅದನ್ನು ಹೇಳಿದ್ದು ನನ್ನ ಮುಖ ನೋಡಿ. ಅಮ್ಮನಿಗೆ ಸಿಟ್ಟು ಬಂತು. "ಡಾಕ್ಟ್ರೇ, ನಾನು ನಾಡಿ ಹಿಡಿಲಿಕ್ಕೆ ಸುರು ಮಾಡುವಾಗ ನೀವು ಹುಟ್ಟಿರ್ಲಿಕ್ಕಿಲ್ಲ" ಎಂದಳು. ಡಾಕ್ಟರು ನಕ್ಕು, ಉಳಿದ ಮಾತನ್ನೆಲ್ಲ ಅವಳ ಕಡೆಗೇ ತಿರುಗಿ ಹೇಳಿದರು.

ಆದರೆ ಅಮ್ಮನ ಕಣ್ಣು ಮೊದಲಿನ ಹಾಗಿಲ್ಲ. ನೋಟದ ನಡುಭಾಗ ಮಸುಕಾಗಿದೆ, ಅಂಚು ಮಾತ್ರ ಉಳಿದಿದೆ. ಎದುರು ನಿಂತವರ ಮೂಗು ಕಾಣುವುದಿಲ್ಲ, ಕಿವಿ ಕಾಣುತ್ತದೆ ಎನ್ನುತ್ತಾಳೆ. ಮೊಬೈಲಿನ ಅಂಕೆ ಅವಳಿಗೆ ಬೆಳಕಿನ ಮುದ್ದೆ. ಗೋಡೆ ಗಡಿಯಾರ ಬರೀ ಒಂದು ದೋಸೆ. ಆದರೆ ಆ ವಾಚನ್ನು ಮಾತ್ರ ಕತ್ತು ಸ್ವಲ್ಪ ಓರೆ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಕಾಣುತ್ತಿತ್ತು. ಡಯಲಿನ ಬಿಳಿ ಈಗ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದೆ. ಅದರ ಮೇಲೆ ಕಪ್ಪು ಅಂಕೆ, ಅದರ ಮೇಲೆ ಕೆಂಪು ಮುಳ್ಳು. ಯಾವ ಅಂಕೆ ಎಲ್ಲಿ ಉಂಟು ಎಂದು ಅವಳಿಗೆ ನೋಡದೆಯೂ ಗೊತ್ತು, ಕೆಂಪು ಎಲ್ಲಿಂದ ಹೊರಟು ಎಲ್ಲಿಗೆ ಬಂತು ಎಂದು ಕಂಡರೆ ಸಾಕು. ಬೆಳಿಗ್ಗೆ ಕಿಟಕಿಯ ಹತ್ತಿರ ಕುರ್ಚಿ ಎಳೆದು, ಎಡಗೈ ಮಣಿಕಟ್ಟಿನ ಮೇಲೆ ಬಲಗೈಯ ಬೆರಳಿಟ್ಟು, ವಾಚನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಆ ಒಂದು ನಿಮಿಷ ಮನೆಯಲ್ಲಿ ಯಾರೂ ಮಿಕ್ಸಿ ತಿರುಗಿಸುವ ಹಾಗಿರಲಿಲ್ಲ.

ಬೆರಳಿಗೆ ಸಿಕ್ಕಿಸುವ ಮೀಟರು ತಂದುಕೊಟ್ಟೆ. ಅದರ ಅಂಕೆಯೂ ಅವಳಿಗೆ ಕಾಣಲಿಲ್ಲ. ಸಮಯ ಹೇಳುವ, ಮಾತಾಡುವ ವಾಚು ತರಿಸಿದೆ. ಅದು ಗಂಟೆಗೊಮ್ಮೆ ಇಂಗ್ಲಿಷಿನಲ್ಲಿ ಕೂಗುವುದು ಕೇಳಿ ಅಮ್ಮ ಅದನ್ನು ಅಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಳ ಹಾಕಿದಳು. ನಾನು ಬೈದೆ, ಅವಳು ಕೇಳಲಿಲ್ಲ. ನಮ್ಮ ಮನೆಯಲ್ಲಿ ಹಠ ಯಾರಿಂದ ಯಾರಿಗೆ ಬಂತು ಎಂದು ವಿಚಾರಿಸಬೇಕಾದ ಅಗತ್ಯವಿಲ್ಲ.

ಹೀಗಿರುವಾಗ ಆ ವಾಚು ನಿಂತು ನಿಂತು ಓಡಲು ಸುರುಮಾಡಿತು. ಕೀ ಕೊಟ್ಟರೆ ಓಡುವುದು, ಅರ್ಧ ದಾರಿಯಲ್ಲಿ ಸುಸ್ತಾಗುವುದು. ನಾನು ಬೆಳ್ಳಾರೆಯ ಒಂದು ಸಹಕಾರಿ ಸಂಘದಲ್ಲಿ ಕೆಲಸ ಮಾಡುವವಳು, ದಿನಾ ಪುತ್ತೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಕಟ್ಟಡದ ಮೆಟ್ಟಿಲಿನ ಅಡಿಯಲ್ಲಿ ವಾಚ್ ರಿಪೇರಿಯವರು ಕೂರುತ್ತಾರೆ. ಕೀ ಕೊಡುವ ವಾಚು ಬಿಚ್ಚುವವರು ಈಗ ಸುತ್ತಮುತ್ತ ಅವರೊಬ್ಬರೇ. ನಗುಮುಖ, ಬಾಯಿತುಂಬ ಮಾತು. ಅಮ್ಮನ ವಾಚನ್ನು ಕಂಡದ್ದೇ ಅವರಿಗೆ ಖುಷಿಯೋ ಖುಷಿ.

"ಒಳ್ಳೆ ಮಾಲು ಅಕ್ಕ. ಈಗ ಎಲ್ಲಿ ಸಿಗ್ತದೆ ಇಂಥದ್ದು? ಸ್ಪ್ರಿಂಗ್ ಹೋಗಿದೆ, ಎಣ್ಣೆ ಒಣಗಿದೆ. ಬಿಡಿ ನನಗೆ."

"ಅಮ್ಮನದ್ದು. ನಿಮಗೆ ಗೊತ್ತುಂಟಲ್ಲ, ಚಂದ ಮಾಡಿ ಕೊಡಿ" ಎಂದು ಹೇಳಿ ಆಫೀಸಿಗೆ ಓಡಿದೆ.

ವಾಚು ಮನೆಯಲ್ಲಿಲ್ಲದ ಆ ದಿನಗಳಲ್ಲಿ ಅಮ್ಮನ ನಾಡಿ ಎಣಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಅಮ್ಮನ ಮಣಿಕಟ್ಟು. ಮೊದಲ ದಿನ ನಾಡಿ ಸಿಗಲೇ ಇಲ್ಲ. "ಒತ್ತಬೇಡ, ಅದು ಕರೆಗಂಟೆ ಅಲ್ಲ" ಎಂದಳು. ಎರಡನೆಯ ದಿನ ಸಿಕ್ಕಿತು, ಎಣಿಸುವಾಗ ಕುಕ್ಕರ್ ಕೂಗಿ ಲೆಕ್ಕ ತಪ್ಪಿತು. ಆಮೇಲೆ ಅಭ್ಯಾಸವಾಯಿತು. ನಾನು ಒಂದು ಸಂಖ್ಯೆ ಹೇಳುವುದು, ಅವಳು ಹೂಂ ಎಂದು ಮಾತ್ರೆ ನುಂಗುವುದು. ಸುಲಭವಾಯಿತು ಎಂದುಕೊಂಡೆ. ಆದರೆ ಅಮ್ಮ ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡಿದಳು. ಕಿಟಕಿಯ ಹತ್ತಿರ ಕುರ್ಚಿ ಎಳೆಯುವುದು ಬಿಟ್ಟಳು. ಮಂಚದಲ್ಲೇ ಕೂತು, ನಾನು ಬಂದ ಸದ್ದಿಗೆ ಕೈ ಚಾಚಿ ಕಾಯುತ್ತಿದ್ದಳು. ನೆರೆಮನೆಯವರು ಬಂದು "ಹೇಗಿದ್ದೀರಿ?" ಎಂದು ಕೇಳಿದರೆ "ಅವಳನ್ನು ಕೇಳಿ" ಎನ್ನುತ್ತಿದ್ದಳು. ಅಷ್ಟು ಕಾಯಿಲೆಗಳ ನಡುವೆಯೂ ಅಮ್ಮ ಅದುವರೆಗೆ ರೋಗಿಯಾಗಿರಲಿಲ್ಲ, ತನ್ನದೇ ನರ್ಸಾಗಿದ್ದಳು. ಈಗ ನನ್ನ ಕೈಯಲ್ಲಿ ರೋಗಿಯಾಗಿಬಿಟ್ಟಿದ್ದಳು. ವಾಚು ಬಂದರೆ ಎಲ್ಲ ಸರಿಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ನಮ್ಮ ಕಡೆ ರಿಪೇರಿಗೆ ಕೊಟ್ಟದ್ದು ಹೇಳಿದ ದಿನಕ್ಕೆ ಸಿಗುವುದಿಲ್ಲ. ಕರೆಂಟು ಇಲ್ಲ, ಮೈ ಸರಿಯಿಲ್ಲ, ಪಾರ್ಟು ಬರಲಿಲ್ಲ, ನಾಳೆ ಬನ್ನಿ. ಈ "ನಾಳೆ ಬನ್ನಿ" ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಎರಡು ಸಲ ಬರಿಗೈಯಲ್ಲಿ ವಾಪಸು ಬಂದವಳು ಮೂರನೆಯ ಸಲ ಇವತ್ತು ತಗೊಂಡೇ ಹೋಗುವುದು ಎಂದು ಗಟ್ಟಿಮಾಡಿ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೋದೆ.

ರಿಪೇರಿಯವರು ಹೆಮ್ಮೆಯಿಂದ ವಾಚನ್ನು ತೆಗೆದು ಮುಂದೆ ಇಟ್ಟರು. ಟಿಕ್ ಟಿಕ್ ಎಂದು ಚೆನ್ನಾಗಿ ಓಡುತ್ತಿತ್ತು. ಆದರೆ ಡಯಲಿನ ಜಾಗದಲ್ಲಿ ಬರೀ ಹಿತ್ತಾಳೆ ಬಣ್ಣದ ತಗಡು. ಮುಳ್ಳೂ ಇಲ್ಲ, ಅಂಕೆಯೂ ಇಲ್ಲ.

"ಡಯಲ್ ಎಲ್ಲಿ?"

"ಅದು ಹಳದಿಯಾಗಿತ್ತಲ್ಲ ಅಕ್ಕ. ಪೈಂಟಿಂಗಿಗೆ ಕಡಬಕ್ಕೆ ಕಳಿಸಿದ್ದೇನೆ. ಅಲ್ಲಿ ಬೋರ್ಡ್ ಬರೆಯುವ ಆರ್ಟಿಸ್ಟ್ ಒಬ್ಬರುಂಟು, ಕೈ ಅಂದ್ರೆ ಕೈ. ಹಳೆ ಬಣ್ಣ ಎಲ್ಲ ತಿನ್ನರಲ್ಲಿ ಉದ್ದಿ ತೆಗ್ದು ನೀಲಿ ಹೊಡಿಲಿಕ್ಕೆ ಹೇಳಿದ್ದೇನೆ. ಫಳಫಳ ನೀಲಿ, ಬೆಳ್ಳಿ ಬಣ್ಣದ ಅಂಕೆ. ನೀವು ಚಂದ ಮಾಡಿ ಅಂದ್ರಲ್ಲ?"

ನಾನು ಬೈಯಲು ಬಾಯಿ ತೆರೆದೆ. ಆದರೆ ಅವರು ನಾನು ಹೇಳಿದ್ದನ್ನೇ ಮಾಡಿದ್ದರು. ಬೇರೆ ಯಾರ ವಾಚಿಗಾದರೂ ಅದು ಚಂದವೇ. ಫಳಫಳ ನೀಲಿಯ ಮೇಲೆ ಬೆಳ್ಳಿ ಅಂಕೆ ಅಮ್ಮನ ಕಣ್ಣಿಗೆ ಕಪ್ಪು ಬಾವಿಯ ಹಾಗೆ ಕಾಣುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಅಮ್ಮನ ಕಣ್ಣಿನ ವಿಷಯ ನಾನು ಹೇಳಿದ್ದರೆ ತಾನೆ!

"ಅಮ್ಮನಿಗೆ ಆ ಡಯಲ್ ಮಾತ್ರ ಕಾಣುದು ಮಾರಾಯ್ರೆ. ಬೇರೆ ಎಂತದೂ ಕಾಣುದಿಲ್ಲ. ಈಗ್ಲೇ ಫೋನ್ ಮಾಡಿ ನಿಲ್ಲಿಸಿ" ಎಂದೆ.

ಅವರ ಮುಖ ಸಣ್ಣದಾಯಿತು. ಫೋನು ಮಾಡಿದರು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದರು. "ಬ್ರಷ್ ಹಿಡಿದ್ರೆ ಅವರು ಫೋನ್ ಎತ್ತುದಿಲ್ಲ ಅಕ್ಕ" ಎಂದರು. ಬಸ್ಸಿನ ಡ್ರೈವರನ ಕೈಯಲ್ಲಿ ಪೊಟ್ಟಣ ಕೊಟ್ಟು ಒಂದು ವಾರ ಆಗಿತ್ತಂತೆ. ಒಂದು ವಾರ! ಹಳೆಯ ಬಣ್ಣ ಉಜ್ಜಿ ತೆಗೆಯಲು ಹತ್ತು ನಿಮಿಷ ಬೇಡ.

ಸಂಘಕ್ಕೆ ಫೋನು ಮಾಡಿ ಅರ್ಧ ದಿನ ರಜೆ ಹೇಳಿ, ನಿಂತ ಕಾಲಿನಲ್ಲೇ ಬಸ್ ಹತ್ತಿದೆ. ಬಸ್ಸು ಬದಲಿಸುವ ನಿಂತಿಕಲ್ಲಿನಲ್ಲಿ ಇಳಿದರೆ ಕಡಬದ ಬಸ್ಸು ಆಗಲೇ ಹೋಗಿತ್ತು. ಪುಣ್ಯಕ್ಕೆ ಬಾಡಿಗೆ ಬಿಟ್ಟು ಕಡಬಕ್ಕೆ ವಾಪಸು ಹೋಗುವ ಒಂದು ಜೀಪು ಸಿಕ್ಕಿತು. ಹತ್ತುವಾಗ ಬಾಗಿಲಿಗೆ ಕೈ ಇಟ್ಟೆ.

"ಅಲ್ಲಿ ಹಿಡಿಬೇಡಿ ಅಕ್ಕ, ಪೈಂಟ್ ಇನ್ನೂ ಒಣಗ್ಲಿಲ್ಲ!" ಎಂದು ಡ್ರೈವರ್ ಕೂಗಿದ.

ಕೈಗೆ ಕೆಂಪು ಬಣ್ಣ ಅಂಟಿತ್ತು. ಜೀಪಿನ ನೆತ್ತಿಯಿಂದ ಬಾಗಿಲಿನವರೆಗೆ ಬಳ್ಳಿ, ಹೂವು, ನಡುವೆ ಒಂದು ಹುಡುಗಿಯ ಹೆಸರು, ಅದರ ಕೆಳಗೆ ಎರಡು ನವಿಲು. ನನ್ನ ತಲೆಬಿಸಿಯ ನಡುವೆಯೂ ಒಂದು ಅನುಮಾನ ಹೊಳೆಯಿತು.

"ಯಾರು ಬರೆದದ್ದು ಇದು?"

ಕಡಬದಲ್ಲಿ ಬೋರ್ಡ್ ಬರೆಯುವವರು ಎಂದು ಡ್ರೈವರ್ ಗುರುತು ಹೇಳಿದ. ಅದೇ ಆರ್ಟಿಸ್ಟ್! "ಒಂದು ವಾರ ನಮ್ಮ ಅಂಗಳದಲ್ಲೇ ಇದ್ರು. ಹೋಗ್ಲಿಕ್ಕೆ ಬಿಡ್ಲಿಲ್ಲ ನಾನು. ಬಿಟ್ರೆ ಮತ್ತೆ ಸಿಗ್ತಾರಾ? ಊಟ, ಚಾ ಎಲ್ಲ ಅಲ್ಲೇ" ಎಂದ.

ನನಗೆ ಆ ನವಿಲುಗಳ ಕಾಲು ಹಿಡಿಯಬೇಕು ಎನಿಸಿತು. "ಹಾಗಾದ್ರೆ ಅವರು ಬೇರೆ ಕೆಲಸ ಮುಟ್ಲೇ ಇಲ್ಲ?"

"ಎಲ್ಲಿ ಮುಟ್ಟುದು! ಇವತ್ತು ಬೆಳಿಗ್ಗೆ ಬಿಟ್ಟದ್ದು. ಈಗ ಮನೆಯಲ್ಲಿ ಬಾಕಿ ಕೆಲಸ ಮಾಡ್ತಿರ್ಬಹುದು."

ಬಂದ ಸಮಾಧಾನ ಅಷ್ಟೇ ಬೇಗ ಹೋಯಿತು. ಬೆಳಿಗ್ಗೆಯಿಂದ ಎಷ್ಟು ಹೊತ್ತಾಯಿತು? ನಾನು ವಿಷಯ ಹೇಳಿದೆ. ಡ್ರೈವರ್ ವೇಗ ಹೆಚ್ಚಿಸಿದ. ದಾರಿಯ ನಡುವಿನ ಪಂಜ ದಾಟಿದ್ದು ತಿಳಿಯಲಿಲ್ಲ. ರಸ್ತೆಯ ತಿರುವುಗಳಲ್ಲಿ ನಾನು ಹಸಿ ಬಣ್ಣವನ್ನೂ ಲೆಕ್ಕಿಸದೆ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಅವನೂ ಬೇಡ ಎನ್ನಲಿಲ್ಲ. ಕಡಬ ಪೇಟೆಯಲ್ಲಿಯೂ ನಿಲ್ಲಿಸದೆ ಸೀದಾ ಆರ್ಟಿಸ್ಟಿನ ಮನೆಯ ಎದುರು ತಂದು ಬಿಟ್ಟ.

ಜಗಲಿಯಲ್ಲಿ ಮೇಜು, ಮೇಜಿನ ತುಂಬ ಡಬ್ಬಿ, ಬ್ರಷ್ಷು. ತಿನ್ನರಿನ ವಾಸನೆ ಅಂಗಳಕ್ಕೇ ಬಡಿಯಿತು. ಕನ್ನಡಕ ಮೂಗಿನ ತುದಿಗೆ ಇಳಿಸಿದ, ನರೆತ ಗಡ್ಡದ ಒಬ್ಬರು ಏನನ್ನೋ ಬಗ್ಗಿ ನೋಡುತ್ತಿದ್ದರು. ಅವರ ಎಡಗೈಯ ಎರಡು ಬೆರಳ ನಡುವೆ ಅಮ್ಮನ ಡಯಲ್ ಇತ್ತು, ಬಲಗೈಯಲ್ಲಿ ಒದ್ದೆ ಹತ್ತಿ.

"ನಿಲ್ಲಿ! ಉದ್ದಬೇಡಿ!" ಎಂದು ನಾನು ಅಂಗಳದಿಂದಲೇ ಕಿರುಚಿದೆ. ಒಳಗಿನಿಂದ ಅವರ ಹೆಂಡತಿ ಓಡಿ ಬಂದರು, ಪಕ್ಕದ ಮನೆಯ ನಾಯಿ ಬೊಗಳಿತು. ಆರ್ಟಿಸ್ಟ್ ಬೆಚ್ಚಿ ಹತ್ತಿ ಬಿಟ್ಟರು. ಡಯಲ್ ಬಿಡಲಿಲ್ಲ, ಅದೇ ಪುಣ್ಯ.

"ಎಂತ ಮಾರಾಯ್ರೆ, ಹಾವು ಕಂಡ ಹಾಗೆ!" ಎಂದರು.

ಏದುಸಿರು ಬಿಡುತ್ತಾ ನಾನು ಹೇಳಿದೆ, ನಾನು ಬಿಟ್ಟದ್ದನ್ನು ಡ್ರೈವರ್ ಸೇರಿಸಿದ. ಆರ್ಟಿಸ್ಟ್ ಎದ್ದು ಬಂದು ಡಯಲನ್ನು ನನ್ನ ಅಂಗೈ ಮೇಲೆ ಇಟ್ಟರು. ಹನ್ನೆರಡು ಅಂಕೆಗಳೂ ಇದ್ದವು. ಕೆನೆಯ ಬಣ್ಣ ಇತ್ತು. ಕೆಳಗಿನ ಅಂಚಿನಲ್ಲಿ, ಆರರ ಅಡಿಯಲ್ಲಿದ್ದ ಇರುವೆ ಸಾಲಿನಂಥ ಸಣ್ಣ ಅಕ್ಷರಗಳು ಮಾತ್ರ ಇರಲಿಲ್ಲ. "ಬಣ್ಣ ಏಳ್ತದಾ ಅಂತ ಅಲ್ಲಿ ಸ್ವಲ್ಪ ಉದ್ದಿ ನೋಡಿದೆ. ಬೇಕಾದ್ರೆ ಅದನ್ನು ಮಾತ್ರ ಬರ್ದು ಕೊಡ್ತೇನೆ" ಎಂದರು.

"ಬೇಡ, ಬೇಡ. ಹೀಗೇ ಇರ್ಲಿ" ಎಂದೆ. ಆಮೇಲೆ ಪೊಟ್ಟಣ ನೋಡಿದರೆ ಗಂಟೆಯ ಮುಳ್ಳು, ನಿಮಿಷದ ಮುಳ್ಳು ಎರಡೇ. ಕೆಂಪು ಮುಳ್ಳು ಇಲ್ಲ. ಆರ್ಟಿಸ್ಟಿಗೂ ಗೊತ್ತಿಲ್ಲ, ಅವರಿಗೆ ಬಂದದ್ದೇ ಅಷ್ಟು. ಮೇಜಿನ ಅಡಿಯಲ್ಲಿ, ಜಗಲಿಯ ಮೂಲೆಯಲ್ಲಿ ಎಲ್ಲರೂ ಬಗ್ಗಿ ಹುಡುಕಿದೆವು. ಕೊನೆಗೆ ಬೆಳ್ಳಾರೆಯ ರಿಪೇರಿಯವರಿಗೆ ಫೋನು ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದರು. ಪಾಪ, ಫೋನಿನ ಮೇಲೆಯೇ ಕೂತಿದ್ದಿರಬೇಕು.

"ಕೆಂಪು ಮುಳ್ಳು ಇಲ್ಲೇ ಉಂಟು ಅಕ್ಕ. ಬಸ್ಸಿನಲ್ಲಿ ಬಾಗ್ತದೆ ಅಂತ ಕಳಿಸ್ಲಿಲ್ಲ. ಡಯಲ್ ಸಿಕ್ಕಿತಾ?"

"ಸಿಕ್ಕಿತು."

ಆ ಕಡೆ ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಈ ಕಡೆ ನಾನು ಜಗಲಿಯ ಅಂಚಿನಲ್ಲಿ ಕೂತುಬಿಟ್ಟೆ. ಆರ್ಟಿಸ್ಟಿನ ಹೆಂಡತಿ ಬೆಲ್ಲ, ನೀರು ತಂದಿಟ್ಟರು. ಬಾಯಿಗೆ ಬೆಲ್ಲ ಹಾಕಿಕೊಂಡು ಸುಮ್ಮನೆ ನಗುತ್ತಾ ಕೂತೆ. ಜನ್ಮವಿಡೀ ಬೈದ ಆ "ನಾಳೆ ಬನ್ನಿ" ಬಗ್ಗೆ ಅವತ್ತು ಒಂದು ಕೆಟ್ಟ ಮಾತು ಹೇಳುವ ಮುಖ ನನಗಿರಲಿಲ್ಲ. ಕೆಲಸ ಹೇಳಿದ ದಿನಕ್ಕೆ ಮಾಡುವವರ ಊರಾಗಿದ್ದರೆ ಅಮ್ಮನ ಡಯಲ್ ವಾರದ ಹಿಂದೆಯೇ ನೀಲಿಯಾಗಿರುತ್ತಿತ್ತು.

ಬೆಳ್ಳಾರೆ ತಲುಪುವಾಗ ಸಂಜೆ. ರಿಪೇರಿಯವರು ಅಂಗಡಿ ಮುಚ್ಚದೆ ಕಾಯುತ್ತಿದ್ದರು. ಈ ಸಲ ನಾನು ಮರ್ಯಾದೆ ಬದಿಗಿಟ್ಟು ಎದುರು ಸ್ಟೂಲಿನಲ್ಲಿ ಕೂತು, ಚಟ್ನಿಯ ಉಪ್ಪಿನ ಹಾಗೆ ಒಂದೊಂದನ್ನೂ ಹೇಳಿದೆ. "ಒಳಗಿನದ್ದು ನಿಮ್ಮಿಷ್ಟ. ಮುಖದ್ದು ಇದ್ದ ಹಾಗೆ ಇರ್ಬೇಕು. ಮುಳ್ಳು ಹಳತೇ. ಕೀಯ ತಿರುಪೂ ಹಳತೇ, ಸವೆದ್ರೂ ಅಡ್ಡಿಯಿಲ್ಲ, ಅಮ್ಮನ ಬೆರಳಿಗೆ ಅದು ಅಭ್ಯಾಸ. ಗಾಜು ಮಾತ್ರ ಹೊಸತು ಹಾಕಿ, ಹಳತರಲ್ಲಿ ಗೀರುಂಟು." ಅವರಿಗೆ ಬೇಸರವಾಗುತ್ತದೆ ಎಂದು ಹೆದರಿದ್ದೆ. ಬೇಸರವಾಗಲಿಲ್ಲ. "ಹೀಗೆ ಮೊದ್ಲೇ ಹೇಳಿದ್ರೆ ನನಗೂ ಸುಲಭ ಅಕ್ಕ. ಎಲ್ಲರೂ ಚಂದ ಮಾಡಿ ಅಂತಾರೆ, ಯಾರ ಚಂದ ಎಂತ ಅಂತ ನನಗೆ ಹೇಗೆ ಗೊತ್ತಾಗುದು?" ಎಂದರು. ಕೆಂಪು ಮುಳ್ಳನ್ನು ಕೊನೆಗೆ ಕೂರಿಸಿದರು. ಅದು ಹೊರಟು ಒಂದು ಸುತ್ತು ಮುಗಿಸುವುದನ್ನು ಇಬ್ಬರೂ ಬಗ್ಗಿ ನೋಡಿದೆವು. ತೆಗೆದ ಹಳೆಯ ಸ್ಪ್ರಿಂಗ್ ಮತ್ತು ಗಾಜನ್ನು ಕಾಗದದಲ್ಲಿ ಕಟ್ಟಿ, "ನಿಮ್ಮ ಸೊತ್ತು" ಎಂದು ಕೊಟ್ಟರು.

ಮನೆಗೆ ಬಂದು ಅಮ್ಮನ ಕೈಗೆ ವಾಚು ಕೊಟ್ಟು, ಕಡಬಕ್ಕೆ ಓಡಿದ ಕತೆಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅಳಿಸಿಹೋದ ಸಣ್ಣ ಅಕ್ಷರಗಳ ವಿಷಯವನ್ನೂ ಹೇಳಿದೆ. "ಅಲ್ಲಿ ಅಕ್ಷರ ಇತ್ತಾ?" ಎಂದು ಕೇಳಿದಳು. ಅಷ್ಟೇ. ಕೀ ಕೊಟ್ಟು, ಕಿವಿಯ ಹತ್ತಿರ ಹಿಡಿದು, ದಿಂಬಿನ ಪಕ್ಕ ಇಟ್ಟುಕೊಂಡಳು.

ಮರುದಿನ ಬೆಳಿಗ್ಗೆ ನಾನು ಅಭ್ಯಾಸದಂತೆ ಮೊಬೈಲು ಹಿಡಿದು ಅವಳ ಕೋಣೆಗೆ ಹೋದೆ. ಮಂಚ ಖಾಲಿ. ಕುರ್ಚಿ ಕಿಟಕಿಯ ಹತ್ತಿರ ಬಂದಿತ್ತು. ಅಮ್ಮ ಕತ್ತು ಓರೆ ಮಾಡಿ, ಮಣಿಕಟ್ಟಿನ ಮೇಲೆ ಬೆರಳಿಟ್ಟು ಕೂತಿದ್ದಳು. ತುಟಿ ಅಲುಗುತ್ತಿತ್ತು. ಬಾಗಿಲಲ್ಲಿ ನಾನು ನಿಂತದ್ದು ಗೊತ್ತಾಗಿ, ಎಣಿಕೆ ನಿಲ್ಲಿಸದೆ, ಒಂದು ಬೆರಳು ಮಾತ್ರ ಎತ್ತಿ ಸುಮ್ಮನಿರು ಎಂದು ತೋರಿಸಿದಳು. ನಿಂತೆ. ಒಂದು ನಿಮಿಷ ಆಯಿತು. ಮಾತ್ರೆ ಬಾಯಿಗೆ ಹಾಕಿ ನೀರು ಕುಡಿದಳು.

"ಎಷ್ಟಿತ್ತು ಅಮ್ಮ?"

"ಬೇಕಾದಷ್ಟು ಉಂಟು. ನೀನು ಹೊರಡು, ಬಸ್ಸು ಹೋಗ್ತದೆ."

"ಎಷ್ಟು ಅಂತ ಹೇಳಬಾರ್ದಾ?"

"ಡ್ಯೂಟಿಯಲ್ಲಿರುವವರ ಹತ್ರ ಹಾಗೆಲ್ಲ ಕೇಳುವ ಕ್ರಮ ಇಲ್ಲ" ಎಂದಳು.

ಆಮೇಲೆ ಇವತ್ತಿನವರೆಗೆ ಅಮ್ಮ ನನಗೆ ಆ ಸಂಖ್ಯೆ ಹೇಳಿಲ್ಲ. ನಾನು ಅವತ್ತು ಬಸ್ ಹತ್ತಿ, ಕಿಟಕಿಯ ಪಕ್ಕ ಸೀಟು ಸಿಕ್ಕಿದ ಕೂಡಲೇ ಸೆರಗು ಮುಖಕ್ಕೆ ಹಿಡಿದು ಅತ್ತೆ. ಕಂಡಕ್ಟರ್ "ಎಂತಾಯ್ತು ಅಕ್ಕ, ಮನೆಯಲ್ಲಿ ತೊಂದ್ರೆಯಾ?" ಎಂದು ಕೇಳಿದ.

"ಇಲ್ಲ ಮಾರಾಯ, ಅಮ್ಮ ಬೈದ್ರು" ಎಂದೆ. ಅವನು ಏನು ತಿಳಿದುಕೊಂಡನೋ, ಟಿಕೆಟು ಕೊಟ್ಟು ಮುಂದೆ ಹೋದ.